ಕೂತಲ್ಲಿ ಕೂರಲಾಗದವರ ಚರಿತ್ರೆ

"ಮಾತ್ರೆ ಶುರು ಮಾಡಿದ್ಮೇಲೆ ಇನ್ನೂ ಜಾಸ್ತಿ ಆಗಿದೆ."

ಖಿನ್ನತೆಗೆ ಔಷಧಿ ತಗೊಳ್ಳೋಕೆ ಶುರು ಮಾಡಿದ ಎಷ್ಟೋ ಜನ ಮೊದಲ ಎರಡು ವಾರದೊಳಗೆ ಹೇಳುವ ಮಾತಿದು. ಇದಕ್ಕೆ ನಮ್ಮ ಸುತ್ತಮುತ್ತ ಎರಡು ರೆಡಿಮೇಡ್ ಉತ್ತರ ಇವೆ. ಒಂದು, "ಅದಕ್ಕೇ ಹೇಳಿದ್ದು ಆ ಮಾತ್ರೆಯೆಲ್ಲ ಬೇಡ ಅಂತ, ಬಿಸಾಕು." ಇನ್ನೊಂದು, "ಅದು ಮಾತ್ರೆಯಿಂದಲ್ಲ, ನಿನ್ನ ಖಾಯಿಲೆನೇ ಹಾಗೆ, ಸುಮ್ನೆ ನುಂಗು." ಮೊದಲನೆಯದನ್ನು ಮನೆಯವರು ಹೇಳ್ತಾರೆ, ಎರಡನೆಯದನ್ನು ಸ್ವಲ್ಪ ಓದಿಕೊಂಡವರು ಹೇಳ್ತಾರೆ. ತಮಾಷೆ ಏನಂದ್ರೆ, ಈ ಎರಡೂ ಉತ್ತರಗಳನ್ನು ಕಳೆದ ಎಪ್ಪತ್ತು ವರ್ಷಗಳಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು, ಕಂಪನಿಗಳು, ಸರ್ಕಾರಗಳೇ ಕೊಟ್ಟಿವೆ. ಎರಡರಿಂದಲೂ ಜನ ಸತ್ತಿದ್ದಾರೆ.

ನಾನು ಡಾಕ್ಟರ್ ಅಲ್ಲ. ಬಿಇ ಮಾಡಿ ಕೋಡ್ ಬರೆದು ಬದುಕುವವನು. ಆದರೆ ಒಂದು ಸಿಸ್ಟಮ್ ಯಾಕೆ ಹೀಗೆ ನಡ್ಕೊಳ್ತಿದೆ ಅಂತ ಗೊತ್ತಾಗಬೇಕಾದರೆ ಹಳೆಯ ಲಾಗ್‌ಗಳನ್ನು ಓದಬೇಕು ಅನ್ನೋದು ನಮ್ಮ ಕಸುಬಿನ ಅಭ್ಯಾಸ. ಹಾಗೆ ಓದುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೀತಿದ್ದೀನಿ.

ಕಥೆ ಶುರುವಾಗೋದು ಔಷಧಿ ಹುಟ್ಟುವುದಕ್ಕೂ ಮೊದಲು. 1901ರಲ್ಲಿ ಪ್ರಾಗ್ ನಗರದ ನರರೋಗ ವೈದ್ಯ ಲಾದಿಸ್ಲಾವ್ ಹಾಶ್ಕೊವೆಟ್ಸ್ ಇಬ್ಬರು ರೋಗಿಗಳ ಬಗ್ಗೆ ಬರೆದ. ಅವರಿಗೆ ಇದ್ದ ತೊಂದರೆ ಇಷ್ಟೇ: ಕೂತಲ್ಲಿ ಕೂರೋಕೆ ಆಗ್ತಿರಲಿಲ್ಲ. ಕೂತರೆ ಎದ್ದೇಳಬೇಕು ಅನ್ನಿಸುತ್ತೆ, ಎದ್ದರೆ ನಡೀಬೇಕು ಅನ್ನಿಸುತ್ತೆ. ಅವನು ಇದಕ್ಕೆ ಗ್ರೀಕ್‌ನಿಂದ ಒಂದು ಪದ ಕಟ್ಟಿದ, ಅಕಥೀಸಿಯಾ. ಅರ್ಥ "ಕೂರಲಾಗದಿರುವುದು". ಮುಂದಿನ ಐವತ್ತು ವರ್ಷ ಈ ಪದ ಪುಸ್ತಕದ ಮೂಲೆಯಲ್ಲಿ ಬಿದ್ದಿತ್ತು. ಆಮೇಲೆ ಇದ್ದಕ್ಕಿದ್ದಂತೆ ಸಾವಿರಾರು ಜನ ಕೂರಲಾಗದವರು ಹುಟ್ಟಿಕೊಂಡರು. ಅದಕ್ಕೆ ಕಾರಣವಾದ ಔಷಧಿಗಳಲ್ಲಿ ಒಂದು ನಮ್ಮ ಕಾಡಿನ ಗಿಡದಿಂದಲೇ ಬಂದದ್ದು.

ಸರ್ಪಗಂಧ. ಆಯುರ್ವೇದದಲ್ಲೂ ನಾಟಿ ವೈದ್ಯದಲ್ಲೂ ಇದರ ಬೇರನ್ನು ನಿದ್ದೆಗೆ, ಹುಚ್ಚಿಗೆ ಕೊಡ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದು ಹುಚ್ಚಿಗೂ ರಕ್ತದೊತ್ತಡಕ್ಕೂ ಆಗುತ್ತದೆ ಅಂತ ಪತ್ರಿಕೆಯಲ್ಲಿ ಬರೆದರು. ಪಶ್ಚಿಮದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1949ರಲ್ಲಿ ಮುಂಬಯಿಯ ಹೃದಯ ತಜ್ಞ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ತಮ್ಮ ರಕ್ತದೊತ್ತಡದ ರೋಗಿಗಳ ಬಗ್ಗೆ ಬರೆದ ಮೇಲೆ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಅನ್ನುವ ಸತ್ವವನ್ನು ಬೇರ್ಪಡಿಸಿ ಮಾತ್ರೆ ಮಾಡಿದರು. ಬೇರು ನಮ್ಮದು, ಪೇಟೆಂಟು ಅವರದು. ಆ ಜಗಳ ಇನ್ನೊಂದು ದಿನಕ್ಕಿರಲಿ.

ರಿಸರ್ಪಿನ್ ಎರಡು ದಾರಿಯಲ್ಲಿ ಹೋಯಿತು. ರಕ್ತದೊತ್ತಡದವರಿಗೆ ಸಣ್ಣ ಪ್ರಮಾಣದಲ್ಲಿ, ಮಾನಸಿಕ ಆಸ್ಪತ್ರೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ. ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಸರ್ಕಾರಿ ಆಸ್ಪತ್ರೆಯ ನೇಥನ್ ಕ್ಲೈನ್ ಮತ್ತು ಅವರ ಸಹೋದ್ಯೋಗಿ ಬಾರ್ಸಾ 1955ರಲ್ಲಿ ಇನ್ನೂರು ರೋಗಿಗಳ ವರದಿ ಬರೆದರು. ಅದರಲ್ಲಿ ಔಷಧಿಯ ಪರಿಣಾಮವನ್ನು ಮೂರು ಘಟ್ಟ ಮಾಡಿದ್ದಾರೆ. ಮೊದಲು ರೋಗಿ ಶಾಂತನಾಗ್ತಾನೆ. ಆಮೇಲೆ ಕೆರಳ್ತಾನೆ, ಮೊದಲಿಗಿಂತ ಹೆಚ್ಚು ಗಲಾಟೆ, ಭಯ, ಚಡಪಡಿಕೆ. ಅದನ್ನು ದಾಟಿದರೆ ಸರಿಹೋಗ್ತಾನೆ. ನಡುವಿನ ಘಟ್ಟಕ್ಕೆ ಅವರು ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ "ಪ್ರಕ್ಷುಬ್ಧ ಕಾಲ". ಆ ಘಟ್ಟದಲ್ಲಿ ಔಷಧಿ ನಿಲ್ಲಿಸಬಾರದು, ದಾಟಿಸಬೇಕು ಅನ್ನೋದು ಅವರ ತಿಳುವಳಿಕೆ.

ಇದನ್ನು ಓದಿದಾಗ ನನಗೆ ನಮ್ಮೂರು ನೆನಪಾಯ್ತು. ನಮ್ಮ ಕಡೆ ಬೇರು ತೇಯ್ದು ಕೊಡುವ ಅಜ್ಜಂದಿರು ಇದನ್ನೇ ಹೇಳ್ತಿದ್ದರು: "ಮೂರು ದಿನ ಕೆರಳ್ತದೆ, ಹೆದರ್ಬ್ಯಾಡ. ರೋಗ ಹೊರಗೆ ಬರ್ತಾ ಐತೆ." ನ್ಯೂಯಾರ್ಕಿನ ಸೂಟು ತೊಟ್ಟ ಡಾಕ್ಟರೂ ಅದೇ ಮಾತು. ಕೆಲವು ಸಲ ಅದು ನಿಜ ಕೂಡ. ಆದರೆ "ದಾಟಿಸಬೇಕಾದ ಕೆರಳುವಿಕೆ" ಯಾವುದು, "ಔಷಧಿ ಒಗ್ಗುತ್ತಿಲ್ಲ" ಅನ್ನುವ ಕೂಗು ಯಾವುದು ಅಂತ ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಆ ಆಸ್ಪತ್ರೆಗಳಲ್ಲಿ ಎಷ್ಟೋ ರೋಗಿಗಳು ಅನುಭವಿಸುತ್ತಿದ್ದದ್ದು ಹಾಶ್ಕೊವೆಟ್ಸ್ ಹೆಸರಿಟ್ಟ ಅದೇ ಸಂಕಟ. ಅದನ್ನು ರೋಗದ ಲೆಕ್ಕಕ್ಕೆ ಬರೆದು ಡೋಸ್ ಏರಿಸಿದ್ದೂ ಇದೆ. ಕೆಲವರು ಮಾತ್ರೆ ಉಗುಳಿದರು. ಹಾಗೆ ಮಾತ್ರೆ ಬೇಡ ಅನ್ನುವವರು ಹಠಮಾರಿಗಳಲ್ಲ, ಬಹಳಷ್ಟು ಜನಕ್ಕೆ ಈ ಕೂರಲಾಗದ ಸಂಕಟವೇ ಕಾರಣ ಅಂತ ಅಮೆರಿಕದ ಮನೋವೈದ್ಯ ಥಿಯೋಡರ್ ವ್ಯಾನ್ ಪುಟೆನ್ ಬರೆದದ್ದು 1974ರಲ್ಲಿ. ಅಷ್ಟರಲ್ಲಿ ಇಪ್ಪತ್ತು ವರ್ಷ ಆಗಿಹೋಗಿತ್ತು.

ರಕ್ತದೊತ್ತಡಕ್ಕೆ ರಿಸರ್ಪಿನ್ ತಗೊಂಡವರ ಕಥೆ ಇನ್ನೂ ವಿಚಿತ್ರ. ಮನಸ್ಸಿನ ತೊಂದರೆ ಏನೂ ಇಲ್ಲದೆ ಬರೀ ಬಿಪಿಗೆ ಮಾತ್ರೆ ತಗೊಂಡ ಕೆಲವರು ಕುಸಿದುಹೋದರು. ಖಿನ್ನತೆ, ತಳಮಳ, ಸಾಯಬೇಕು ಅನ್ನಿಸುವುದು. 1954, 55ರ ವೈದ್ಯಕೀಯ ಪತ್ರಿಕೆಗಳಲ್ಲಿ ಇಂಥ ವರದಿಗಳು ಸಾಲುಸಾಲಾಗಿ ಬಂದವು. ಅದೇ 1955ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಬರ್ನಾರ್ಡ್ ಬ್ರೋಡಿ ತಂಡ ರಿಸರ್ಪಿನ್ ದೇಹದಲ್ಲಿರುವ ಸೆರೊಟೋನಿನ್ ಅನ್ನು ಬರಿದು ಮಾಡುತ್ತದೆ ಅಂತ ತೋರಿಸಿತು. ಎರಡನ್ನೂ ಜನ ಕೂಡಿಸಿದರು. ಸೆರೊಟೋನಿನ್‌ನಂಥವು ಕಡಿಮೆಯಾದರೆ ಖಿನ್ನತೆ. ಇವತ್ತು ಪ್ರತಿಯೊಂದು ಆರೋಗ್ಯ ಪುರವಣಿಯಲ್ಲಿ ಬರುವ "ಮೆದುಳಿನ ರಾಸಾಯನಿಕ ಅಸಮತೋಲನ" ಅನ್ನುವ ಮಾತಿನ ಒಂದು ಬೇರು, ಅಕ್ಷರಶಃ ಬೇರು, ಸರ್ಪಗಂಧದ್ದು.

ಆದರೆ ಅದೇ ವರ್ಷ ಲಂಡನ್ನಿನ ಮೈಕೆಲ್ ಶೆಫರ್ಡ್ ಮತ್ತು ಡೇವಿಡ್ ಡೇವಿಸ್ ಲ್ಯಾನ್ಸೆಟ್‌ನಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಆತಂಕ, ಖಿನ್ನತೆ ಇದ್ದವರಿಗೆ ರಿಸರ್ಪಿನ್ ಕೊಟ್ಟು, ಇನ್ನೊಂದು ಗುಂಪಿಗೆ ಸುಳ್ಳು ಮಾತ್ರೆ ಕೊಟ್ಟು ಹೋಲಿಸಿದರು. ರಿಸರ್ಪಿನ್ ತಗೊಂಡವರು ಹೆಚ್ಚು ಸುಧಾರಿಸಿದ್ದರು! ಖಿನ್ನತೆ ತರುತ್ತದೆ ಅಂತ ಹೆಸರಾದ ಔಷಧಿ ಖಿನ್ನತೆಗೆ ಉಪಕಾರ ಮಾಡಿತ್ತು. ಈ ಪ್ರಬಂಧವನ್ನು ಹೆಚ್ಚಿನವರು ಮರೆತರು. ಸಿದ್ಧಾಂತಕ್ಕೆ ಹೊಂದದ ಡೇಟಾ ಎಲ್ಲಿಗೆ ಹೋಗುತ್ತೆ ಅಂತ ನಮಗೆಲ್ಲ ಗೊತ್ತಿರೋದೇ. ಒಂದೇ ಔಷಧಿ ಒಬ್ಬರನ್ನು ಎತ್ತುತ್ತೆ, ಇನ್ನೊಬ್ಬರನ್ನು ಕೆಡವುತ್ತೆ ಅನ್ನುವ ಸರಳ ಸತ್ಯ 1955ರಲ್ಲೇ ಮೇಜಿನ ಮೇಲಿತ್ತು.

ಹೆಸರಿಗೆ ತಕ್ಕ ಖಿನ್ನತೆ ನಿವಾರಕಗಳು ಬಂದದ್ದು ಆಮೇಲೆ, ಎರಡೂ ಆಕಸ್ಮಿಕವಾಗಿ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೋನಿಯಾಜಿಡ್ ಕೊಟ್ಟಾಗ ಅವರು ಗೆಲುವಾಗಿಬಿಟ್ಟರು. ಇತ್ತ ಸ್ವಿಟ್ಜರ್‌ಲೆಂಡಿನ ಮ್ಯುನ್‌ಸ್ಟರ್‌ಲಿಂಗನ್ ಅನ್ನುವ ಊರಿನ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಅನ್ನುವ ಮನೋವೈದ್ಯ ಗೈಗಿ ಕಂಪನಿ ಕೊಟ್ಟ ಜಿ 22355 ಅನ್ನುವ ಸಂಯುಕ್ತವನ್ನು ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ಪ್ರಯತ್ನಿಸಿದ. ಅವರಲ್ಲಿ ಕೆಲವರು ಸುಧಾರಿಸುವ ಬದಲು ಉದ್ರೇಕಗೊಂಡರು. ಬೇರೆಯವನಾಗಿದ್ದರೆ "ಫೇಲ್" ಅಂತ ಬರೆದು ಮುಗಿಸುತ್ತಿದ್ದ. ಕೂನ್ ಮಾತ್ರ, ಇವರನ್ನು ಹೀಗೆ ಮೇಲೆತ್ತುವ ಔಷಧಿ ಕುಗ್ಗಿದವರನ್ನೂ ಎತ್ತಬಹುದಲ್ಲ ಅಂತ ಯೋಚಿಸಿ, 1956ರ ಜನವರಿಯಲ್ಲಿ ತೀವ್ರ ಖಿನ್ನತೆಯಲ್ಲಿದ್ದ ಹೆಂಗಸೊಬ್ಬಳಿಗೆ ಕೊಟ್ಟ. ಒಂದು ವಾರದೊಳಗೆ ಆಕೆ ಬದಲಾದಳು. 1957ರ ಸೆಪ್ಟೆಂಬರಿನಲ್ಲಿ ಜೂರಿಕ್‌ನ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಅವನು ಇದನ್ನು ಹೇಳಿದಾಗ ಕೇಳೋಕೆ ಕೂತಿದ್ದವರು ಹತ್ತು ಹನ್ನೆರಡು ಜನ. ಅದೇ ಇಮಿಪ್ರಮಿನ್, ಇವತ್ತಿಗೂ ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇದು: ಖಿನ್ನತೆ ನಿವಾರಕದ ಇತಿಹಾಸದ ಮೊದಲ ಸಾಲಿನಲ್ಲೇ "ಕೆಲವರು ಉದ್ರೇಕಗೊಂಡರು" ಅಂತ ಇದೆ. ಅದು ಆಮೇಲೆ ಯಾರೋ ಕಂಡುಹಿಡಿದ ದೋಷವಲ್ಲ, ಔಷಧಿಯ ಜೊತೆಗೇ ಹುಟ್ಟಿದ್ದು. ಆ ಕಾಲದ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಖಿನ್ನತೆಯ ರೋಗಿ ಚೇತರಿಸಿಕೊಳ್ಳಲು ಶುರುವಾದಾಗ ಮನಸ್ಸಿಗಿಂತ ಮೊದಲು ಮೈಗೆ ಶಕ್ತಿ ಬರುತ್ತೆ, ದುಃಖ ಹಾಗೇ ಇರುತ್ತೆ, ಆ ನಡುವಿನ ದಿನಗಳಲ್ಲೇ ಹುಷಾರಾಗಿ ನೋಡಿಕೊಳ್ಳಬೇಕು ಅಂತ ಪಾಠ ಮಾಡ್ತಿದ್ದರು. ಆಗ ತೀವ್ರ ಖಿನ್ನತೆಯ ರೋಗಿಗಳು ಹೆಚ್ಚಾಗಿ ಆಸ್ಪತ್ರೆಯಲ್ಲೇ ಇರ್ತಿದ್ದರು, ನರ್ಸುಗಳ ಕಣ್ಣ ಮುಂದೆ. ಮುಂದೆ ಬದಲಾದದ್ದು ಇದೇ.

ಫ್ಲೂಕ್ಸೆಟಿನ್. 1972ರಲ್ಲಿ ಇಂಡಿಯಾನಾಪೊಲಿಸ್‌ನ ಇಲೈ ಲಿಲ್ಲಿ ಕಂಪನಿಯ ಬ್ರಯನ್ ಮೊಲಾಯ್, ರೇ ಫುಲ್ಲರ್, ಡೇವಿಡ್ ವಾಂಗ್ ಸೇರಿ ರೂಪಿಸಿದ್ದು. 1987ರ ಡಿಸೆಂಬರ್ ಕೊನೆಗೆ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಪ್ರೊಜಾಕ್ ಅನ್ನುವ ಹೆಸರು. ಹಳೆಯ ಔಷಧಿಗಳಂತೆ ಜಾಸ್ತಿ ನುಂಗಿದರೆ ಹೃದಯ ನಿಲ್ಲಿಸುವಂಥದ್ದಲ್ಲ. ಅದು ನಿಜವಾಗಿ ದೊಡ್ಡ ಸುಧಾರಣೆ, ಅದನ್ನು ಕಡಿಮೆ ಮಾಡಿ ಹೇಳಬಾರದು. ದಿನಕ್ಕೊಂದು ಕ್ಯಾಪ್ಸೂಲ್, ಎಲ್ಲರಿಗೂ 20 ಮಿಲಿಗ್ರಾಂ. 5 ಮಿಲಿಗ್ರಾಂ ಕೂಡ ಸುಳ್ಳು ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತೆ ಅಂತ 1988ರಲ್ಲಿ ಕಂಪನಿಯವರೇ ಪ್ರಕಟಿಸಿದ್ದರು. ಆದರೆ ಏರಿಸುವುದು ಇಳಿಸುವುದು ಏನೂ ಇಲ್ಲದ ಒಂದೇ ಅಳತೆಯ ಮಾತ್ರೆಯನ್ನು ಮಾರುವುದು ಸುಲಭ, ಬರೆದುಕೊಡುವುದೂ ಸುಲಭ. ಮನೋವೈದ್ಯರಲ್ಲದ ಸಾಮಾನ್ಯ ಡಾಕ್ಟರುಗಳೂ ಬರೆಯತೊಡಗಿದರು. 1990ರ ಮಾರ್ಚ್‌ನಲ್ಲಿ ನ್ಯೂಸ್‌ವೀಕ್ ಮುಖಪುಟದಲ್ಲಿ ಆ ಹಸಿರು ಬಿಳಿ ಕ್ಯಾಪ್ಸೂಲು. ಮಾತ್ರೆ ಆಸ್ಪತ್ರೆಯ ವಾರ್ಡಿನಿಂದ ಅಡುಗೆಮನೆಯ ಶೆಲ್ಫಿಗೆ ಬಂತು. ನರ್ಸಿನ ಕಣ್ಣು ಮಾತ್ರ ಜೊತೆಗೆ ಬರಲಿಲ್ಲ.

ಆ ಮುಖಪುಟ ಬರುವ ಒಂದು ತಿಂಗಳ ಮುಂಚೆ, ಬಾಸ್ಟನ್ ಹತ್ತಿರದ ಮೆಕ್ಲೀನ್ ಆಸ್ಪತ್ರೆಯ ಮಾರ್ಟಿನ್ ಟೈಶರ್ ಮತ್ತು ಇನ್ನಿಬ್ಬರು ಆರು ರೋಗಿಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಫ್ಲೂಕ್ಸೆಟಿನ್ ಶುರು ಮಾಡಿದ ಎರಡರಿಂದ ಏಳು ವಾರದೊಳಗೆ ಆರೂ ಜನಕ್ಕೆ ಸಾಯುವ ಯೋಚನೆ ತೀವ್ರವಾಗಿ, ಬಲವಂತವಾಗಿ, ಬಿಡದೆ ಬರತೊಡಗಿತ್ತು. ಅವರಿಗೆ ಮುಂಚೆ ಇದ್ದ ದುಃಖದಂಥದ್ದಲ್ಲ, ಬೇರೆಯೇ ಜಾತಿಯದ್ದು. ಔಷಧಿ ನಿಲ್ಲಿಸಿದ ಮೇಲೆ ಹೋಯಿತು, ಆದರೆ ತಕ್ಷಣ ಅಲ್ಲ. ವಿರೋಧಿಗಳ ವಾದವೂ ಸುಳ್ಳಾಗಿರಲಿಲ್ಲ: ಆರೇ ಜನ, ಎಲ್ಲರದ್ದೂ ಹಳೆಯ ಜಟಿಲ ಖಾಯಿಲೆ, ಕೆಲವರಿಗೆ ಬೇರೆ ಔಷಧಿಗಳೂ ಇದ್ದವು. ಖಿನ್ನತೆಯ ರೋಗಿಗೆ ಸಾಯುವ ಯೋಚನೆ ಬಂದರೆ ಅದು ಖಾಯಿಲೆಯದ್ದೋ ಮಾತ್ರೆಯದ್ದೋ ಹೇಗೆ ಹೇಳ್ತೀರಿ?

ಇದಕ್ಕೆ ಉತ್ತರದ ಹತ್ತಿರ ಹೋದದ್ದು 1991ರಲ್ಲಿ ಆಂಥನಿ ರಾಥ್‌ಶಿಲ್ಡ್ ಮತ್ತು ಕ್ಯಾರಲ್ ಲಾಕ್ ಬರೆದ ಪುಟ್ಟ ಪ್ರಬಂಧ. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದು. ಮೂರು ಜನ ರೋಗಿಗಳು. ಮೂವರೂ ಫ್ಲೂಕ್ಸೆಟಿನ್ ತಗೊಳ್ಳುವಾಗ ಜೀವ ಕಳೆದುಕೊಳ್ಳಲು ಹೋಗಿ ಬದುಕುಳಿದವರು. ಅವರನ್ನು ಹತ್ತಿರದಿಂದ ನೋಡಿಕೊಳ್ಳುತ್ತಾ ಅದೇ ಔಷಧಿಯನ್ನು ಮತ್ತೆ ಕೊಟ್ಟು ನೋಡಿದರು. ನಮ್ಮ ಭಾಷೆಯಲ್ಲಿ, ಬಗ್ ಅನ್ನು ರೀಪ್ರೊಡ್ಯೂಸ್ ಮಾಡಿದರು. ಮೂವರಲ್ಲೂ ಆ ಕೂರಲಾಗದ ಚಡಪಡಿಕೆ ಮರಳಿ ಬಂತು. ಹಿಂದಿನ ಸಲ ತಮ್ಮನ್ನು ಸಾವಿನ ಕಡೆ ತಳ್ಳಿದ್ದು ಇದೇ ಅಂತ ಅವರೇ ಗುರುತಿಸಿದರು. ಔಷಧಿ ನಿಲ್ಲಿಸಿದಾಗ, ಅಥವಾ ಎದೆಬಡಿತ ಇಳಿಸುವ ಪ್ರೊಪ್ರನೊಲಾಲ್ ಅನ್ನುವ ಅಗ್ಗದ ಹಳೆಯ ಮಾತ್ರೆ ಸೇರಿಸಿದಾಗ, ಚಡಪಡಿಕೆ ಹೋಯಿತು. ಸಾಯುವ ಯೋಚನೆಯೂ ಹೋಯಿತು.

ಅಂದರೆ ಅವರು ದುಃಖದಿಂದ ಸಾಯಲು ಹೊರಟವರಲ್ಲ. ಮೈಯೊಳಗಿನ ಸಂಕಟ ತಡೆಯಲಾರದೆ ಹೊರಟವರು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತೆ. ಆದರೆ ಒಂದಕ್ಕೆ ಡೋಸ್ ಏರಿಸಬೇಕಾಗಬಹುದು, ಇನ್ನೊಂದಕ್ಕೆ ಇಳಿಸಬೇಕು. ತಪ್ಪು ಕಡೆ ತಿರುಗಿಸಿದರೆ ಏನಾಗುತ್ತೆ ಯೋಚಿಸಿ.

ಇದನ್ನು ಬರೀ ಪ್ರಬಂಧದಲ್ಲಿ ಓದಿದ್ದರೆ ಇಷ್ಟು ಹೇಳ್ತಿರಲಿಲ್ಲ. ಬೆಂಗಳೂರಿನಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಗೆಳೆಯನಿಗೆ ಎಸಿಟಲೋಪ್ರಾಮ್ ಶುರುವಾದ ಐದನೇ ದಿನ. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೀತಿದ್ದ. "ಒಳಗಡೆ ಯಾರೋ ಮೋಟ್ರು ಆನ್ ಮಾಡಿ ಬಿಟ್ಟೋಗವ್ರೆ ಕಣೋ, ಆಫ್ ಮಾಡಕ್ಕೆ ಸ್ವಿಚ್ಚೇ ಸಿಗ್ತಿಲ್ಲ" ಅಂದ. ಅವನು ಮಂಡ್ಯ ಕಡೆಯವನು, ಪಂಪ್‌ಸೆಟ್ಟಿನ ಉಪಮೆ ತಾನಾಗೇ ಬಂತು. ಬೆಳಗ್ಗೆ ಕ್ಲಿನಿಕ್ಕಿಗೆ ಫೋನ್ ಮಾಡಿದರೆ, ಹದಿನೈದು ದಿನಕ್ಕೆ ಅಪಾಯಿಂಟ್‌ಮೆಂಟ್ ಇದೆಯಲ್ಲ, ಆಗಲೇ ಬನ್ನಿ ಅಂದರು. ಅವರಮ್ಮ ಫೋನಲ್ಲಿ, "ಆ ಮಾತ್ರೆ ತಗೊಂಡೋಗಿ ಮೋರಿಗಾಕು ಮಗ, ಊರಿಗೆ ಬಾ" ಅಂತ ಅಳು. ಅವತ್ತೇ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು: "ದುಃಖ ಜಾಸ್ತಿ ಆಗಿದ್ಯಾ, ತಳಮಳ ಜಾಸ್ತಿ ಆಗಿದ್ಯಾ? ಬಿಡಿಸಿ ಹೇಳಿ." ಆಮೇಲೆ, ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಹುಮ್ಮಸ್ಸಿನಲ್ಲಿದ್ದದ್ದು ಉಂಟಾ, ಮನೆಯಲ್ಲಿ ಯಾರಿಗಾದರೂ ಉಂಟಾ ಅಂತ ಕೇಳಿದರು. ಬೈಪೋಲಾರ್ ಇದ್ದವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಇನ್ನೊಂದು ಕಡೆಗೆ ಎತ್ತಿ ಒಗೆಯಬಹುದು, ಅದಕ್ಕೆ. ಕೊನೆಗೆ ನೇರವಾಗಿ, ನಾಚಿಕೆ ಇಲ್ಲದೆ, "ಸಾಯೋ ಯೋಚನೆ ಬರ್ತಿದ್ಯಾ?" ಅಂತಲೂ ಕೇಳಿದರು. ಡೋಸ್ ಅರ್ಧ ಮಾಡಿದರು, ಕೆಲವು ದಿನಕ್ಕೆ ಇನ್ನೊಂದು ಮಾತ್ರೆ ಸೇರಿಸಿದರು, ಮೂರನೇ ದಿನ ಫೋನ್ ಮಾಡಲು ಹೇಳಿದರು. ಮೋಟರು ನಿಂತಿತು. ಒಂದೂವರೆ ತಿಂಗಳಲ್ಲಿ ಮನುಷ್ಯ ಮೊದಲಿನಂತಾದ.

ಸಣ್ಣದರಿಂದ ಶುರು ಮಾಡುವುದು ಆ ಡಾಕ್ಟರ ಕಂಡುಹಿಡಿಕೆಯಲ್ಲ. ಪ್ಯಾನಿಕ್ ತೊಂದರೆ ಇರುವವರಿಗೆ ಖಿನ್ನತೆಯ ಮಾತ್ರೆ ಕೊಟ್ಟಾಗ ಮೊದಲ ದಿನಗಳಲ್ಲಿ ನಡುಕ, ನಿದ್ರಾಹೀನತೆ, ಚಡಪಡಿಕೆ ಬರುವುದನ್ನು ರಾಬರ್ಟ್ ಪೋಲ್, ವಿಕ್ರಮ್ ಯೆರಗಾನಿ ಮತ್ತಿತರರು 1988ರಲ್ಲೇ ವಿವರವಾಗಿ ಬರೆದಿದ್ದರು. ಕಾರಣದ ಬಗ್ಗೆ ಈಗಿರುವ ಒಂದು ವಿವರಣೆ ಹೀಗೆ: ಮಾತ್ರೆ ಸೆರೊಟೋನಿನ್ ಮರುಹೀರಿಕೆಯನ್ನು ಕೆಲವೇ ಗಂಟೆಗಳಲ್ಲಿ ತಡೆಯುತ್ತೆ, ಆದರೆ ನರಕೋಶಗಳ ಒಳಗಿನ ಬ್ರೇಕುಗಳು ಹೊಸ ಮಟ್ಟಕ್ಕೆ ಹೊಂದಿಕೊಳ್ಳೋಕೆ ವಾರಗಳು ಬೇಕು. ಹಾಗಾಗಿ ಅಡ್ಡ ಪರಿಣಾಮ ಮೊದಲು, ಗುಣ ಆಮೇಲೆ. ಸಾಲದ ಕಂತು ಮೊದಲು ಕಟ್ಟಿಸಿಕೊಂಡು ಮನೆ ಆಮೇಲೆ ಕೊಡುವ ಬಿಲ್ಡರ್ ಥರ.

ಮತ್ತೆ 1991ಕ್ಕೆ ಬರೋಣ. ಆ ಸೆಪ್ಟೆಂಬರ್ 20ರಂದು ಎಫ್‌ಡಿಎ ತಜ್ಞರ ಸಮಿತಿ ಬಹಿರಂಗ ವಿಚಾರಣೆ ನಡೆಸಿತು. ಮಕ್ಕಳನ್ನು, ಗಂಡ ಹೆಂಡತಿಯನ್ನು ಕಳೆದುಕೊಂಡವರು ಬಂದು ಮಾತಾಡಿದರು. ಕಂಪನಿ ತನ್ನ ಪ್ರಯೋಗಗಳನ್ನು ಒಟ್ಟುಮಾಡಿ ಅಪಾಯ ಹೆಚ್ಚಿಲ್ಲ ಅಂತ ತೋರಿಸಿತು. ಇದೇ ಹೊತ್ತಿಗೆ ಮನೋವೈದ್ಯಶಾಸ್ತ್ರವನ್ನೇ ದ್ವೇಷಿಸುವ ಸೈಂಟಾಲಜಿ ಪಂಥದವರು ಪ್ರೊಜಾಕ್ ವಿರುದ್ಧ ದೊಡ್ಡ ಪ್ರಚಾರಕ್ಕಿಳಿದಿದ್ದರು. ಅವರಿಂದ ಆದ ಹಾನಿ ಸಣ್ಣದಲ್ಲ. ನಿಜವಾದ ದೂರು ಇದ್ದವರೂ ಆ ಗುಂಪಿನವರ ಹಾಗೆ ಕಾಣಿಸಿದರು. ಸಮಿತಿ ನಂಬುವಂಥ ಸಾಕ್ಷ್ಯ ಇಲ್ಲ ಅಂತ ತೀರ್ಮಾನಿಸಿತು. ಅದೇ ಔಷಧಿಗೆ ಜರ್ಮನಿಯಲ್ಲಿ ಮಾತ್ರ, ಗುಣ ಕಾಣಿಸುವವರೆಗೆ ರೋಗಿಯನ್ನು ಗಮನಿಸಬೇಕು, ಬೇಕಾದರೆ ಶಮನಕಾರಿಯನ್ನೂ ಜೊತೆಗೆ ಕೊಡಬೇಕಾಗಬಹುದು ಅಂತ ಚೀಟಿಯಲ್ಲಿ ಬರೆಸಿದ್ದರು. ಒಂದೇ ಮಾತ್ರೆ, ಎರಡು ದೇಶ, ಎರಡು ಚೀಟಿ.

ಹನ್ನೆರಡು ವರ್ಷ ಹೀಗೇ ಹೋಯಿತು. ಮುರಿದದ್ದು ಮಕ್ಕಳ ವಿಷಯದಲ್ಲಿ. 2003ರ ಜೂನ್‌ನಲ್ಲಿ ಬ್ರಿಟನ್ ಪ್ಯಾರೊಕ್ಸೆಟಿನ್ ಅನ್ನು 18ರೊಳಗಿನವರ ಖಿನ್ನತೆಗೆ ಕೊಡಬೇಡಿ ಅಂದಿತು. ಎಫ್‌ಡಿಎ ಅಧಿಕಾರಿಗಳು ಕಂಪನಿಯ ಡೇಟಾ ಬಿಚ್ಚಿ ನೋಡಿದಾಗ, ಅಡ್ಡ ಪರಿಣಾಮಗಳ ಪಟ್ಟಿಯಲ್ಲಿ "ಇಮೋಷನಲ್ ಲೇಬಿಲಿಟಿ" ಅನ್ನುವ ಸಾಲು ಯಾಕೋ ಜಾಸ್ತಿ ಇತ್ತು. ಅಂದರೆ ಭಾವನೆಗಳ ಏರಿಳಿತ. ಏನಿದು ಅಂತ ಒಂದೊಂದೇ ಕೇಸು ತೆಗೆದರೆ, ಒಳಗಿದ್ದವುಗಳಲ್ಲಿ ಆತ್ಮಹತ್ಯೆಯ ಯೋಚನೆ, ಪ್ರಯತ್ನಗಳೂ ಇದ್ದವು! ನಾವು ಟಿಕೆಟ್ ಸಿಸ್ಟಮ್ಮಿನಲ್ಲಿ ಪ್ರೊಡಕ್ಷನ್ ಕ್ರ್ಯಾಶ್ ಅನ್ನು "ಮೈನರ್, ಯುಐ" ಅಂತ ಟ್ಯಾಗ್ ಮಾಡಿ ಮುಚ್ಚುತ್ತೀವಲ್ಲ, ಹಾಗೆ. ಡ್ಯಾಶ್‌ಬೋರ್ಡ್ ಹಸಿರಾಗಿರುತ್ತೆ.

ಎಫ್‌ಡಿಎ ಒಳಗೇ ಆಂಡ್ರೂ ಮೊಶೋಲ್ಡರ್ ಅನ್ನುವ ಅಧಿಕಾರಿ ಲೆಕ್ಕ ಹಾಕಿ ಅಪಾಯ ಹೆಚ್ಚಿದೆ ಅಂದಿದ್ದರು. 2004ರ ಫೆಬ್ರವರಿ ವಿಚಾರಣೆಯಲ್ಲಿ ಅದನ್ನು ಮಂಡಿಸಲು ಬಿಡಲಿಲ್ಲ, ಸುದ್ದಿ ಪತ್ರಿಕೆಗೆ ಹೋಯಿತು. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡಕ್ಕೆ ಪ್ರತಿ ಘಟನೆಯನ್ನೂ, ಯಾವ ಮಾತ್ರೆ ಅಂತ ಗೊತ್ತಾಗದಂತೆ, ಮರುವಿಂಗಡಣೆ ಮಾಡಲು ಕೊಟ್ಟರು. 24 ಪ್ರಯೋಗಗಳು, 4,400ಕ್ಕೂ ಹೆಚ್ಚು ಮಕ್ಕಳು. ಸುಳ್ಳು ಮಾತ್ರೆಯವರಲ್ಲಿ ಶೇ. 2ರಷ್ಟು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ, ನಿಜ ಮಾತ್ರೆಯವರಲ್ಲಿ ಶೇ. 4. ಆ ಪ್ರಯೋಗಗಳಲ್ಲಿ ಒಂದೂ ಸಾವು ಆಗಿರಲಿಲ್ಲ ಅನ್ನೋದನ್ನೂ ಸೇರಿಸಿಯೇ ಹೇಳಬೇಕು. 2004ರ ಅಕ್ಟೋಬರ್‌ನಲ್ಲಿ ಔಷಧಿಯ ಚೀಟಿಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು. 2012ರಲ್ಲಿ ಗ್ಲಾಕ್ಸೋಸ್ಮಿತ್‌ಕ್ಲೈನ್ ಪ್ಯಾರೊಕ್ಸೆಟಿನ್ ಅನ್ನು 18ರೊಳಗಿನವರಿಗೆ ಮಾರಲು ಯತ್ನಿಸಿದ್ದೂ ಸೇರಿದಂತೆ ಹಲವು ಆರೋಪಗಳಿಗಾಗಿ 300 ಕೋಟಿ ಡಾಲರ್ ಕಟ್ಟಲು ಒಪ್ಪಿತು.

ನಿಜವಾಗಿ ಉಪಯೋಗಕ್ಕೆ ಬರುವ ಲೆಕ್ಕ ಬಂದದ್ದು ದೊಡ್ಡವರದ್ದು. 372 ಪ್ರಯೋಗಗಳ ಹತ್ತಿರ ಹತ್ತಿರ ಒಂದು ಲಕ್ಷ ಜನರ ಡೇಟಾ. 25ರ ಒಳಗಿನವರಲ್ಲಿ ಅಪಾಯ ಸ್ವಲ್ಪ ಹೆಚ್ಚು. 25ರಿಂದ 64ರವರೆಗೆ ಹೆಚ್ಚಿಲ್ಲ. 65 ದಾಟಿದವರಲ್ಲಿ ಕಡಿಮೆ, ಅಂದರೆ ಮಾತ್ರೆ ಕಾಪಾಡುತ್ತಿದೆ. ಹಾಗಾಗಿ 2007ರಲ್ಲಿ ಎಚ್ಚರಿಕೆಯನ್ನು 24 ವರ್ಷದವರೆಗೆ ವಿಸ್ತರಿಸಿದರು, ಜೊತೆಗೆ ಖಿನ್ನತೆಗೆ ಚಿಕಿತ್ಸೆ ಮಾಡದೆ ಬಿಟ್ಟರೂ ಅದೇ ಅಪಾಯ ಇದೆ ಅಂತ ಸೇರಿಸಿದರು. ಎಷ್ಟು ಜನ ಈ ಎರಡನೇ ಸಾಲು ಓದ್ತಾರೋ. ಎಚ್ಚರಿಕೆ ಬಂದ ಮೇಲೆ ಅಮೆರಿಕದಲ್ಲಿ ಹದಿಹರೆಯದವರಿಗೆ ಔಷಧಿ ಬರೆಯುವುದು ಕಡಿಮೆಯಾಯಿತು. ಅದರಿಂದ ಒಳ್ಳೇದಾಯ್ತಾ ಕೆಟ್ಟದಾಯ್ತಾ ಅಂತ ಸಂಶೋಧಕರು ಇವತ್ತಿಗೂ ಜಗಳ ಆಡ್ತಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಹೆದರಿಸಿದ್ದರು, ಆದರೆ ಏನನ್ನು ನೋಡಿಕೊಳ್ಳಬೇಕು ಅಂತ ಮನೆಯವರಿಗೆ ಸರಿಯಾಗಿ ಹೇಳಿಕೊಡಲಿಲ್ಲ.

ನಮ್ಮಲ್ಲಿ ಹೆದರಿಸುವ ಚೀಟಿಯೂ ಕೈಗೆ ಬರಲ್ಲ. ಮೆಡಿಕಲ್ ಶಾಪಿನವರು ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಹತ್ತು ಮಾತ್ರೆ ಕಂದು ಕವರಿಗೆ ಹಾಕಿ ಕೊಡ್ತಾರೆ. ಚೀಟಿ ಪೆಟ್ಟಿಗೆಯಲ್ಲೇ ಉಳಿಯುತ್ತೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದವರು, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. ಸಿಕ್ಕ ಆ ಕೆಲವರಲ್ಲಿ ಯಾರಾದರೂ ಐದನೇ ದಿನ ಹೆದರಿ ಬಿಟ್ಟುಬಿಟ್ಟರೆ ಮತ್ತೆ ಡಾಕ್ಟರ ಮೆಟ್ಟಿಲು ಹತ್ತುವುದು ಕಷ್ಟ. ಇನ್ನೊಂದು ವಿಷಯ, ಕೆಲವಾರ ತಗೊಂಡ ಮೇಲೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ಕಿರಿಕಿರಿ, ಕರೆಂಟು ಹೊಡೆದಂತಾಗುವುದು ಇವೆಲ್ಲ ಬರಬಹುದು. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಜಾಸ್ತಿ. ಅದನ್ನೂ ಜನ "ಖಾಯಿಲೆ ವಾಪಸ್ ಬಂತು" ಅಂತಲೇ ತಿಳೀತಾರೆ.

ಬ್ರಿಟನ್ನಿನ ಈಗಿನ ಮಾರ್ಗಸೂಚಿಯಲ್ಲಿ ಮಾತ್ರೆ ಶುರು ಮಾಡಿದವರನ್ನು ಎರಡು ವಾರದೊಳಗೆ, 25 ವರ್ಷ ಮೀರದವರನ್ನು ಅಥವಾ ಸಾಯುವ ಯೋಚನೆ ಇರುವವರನ್ನು ಒಂದು ವಾರಕ್ಕೇ ಮತ್ತೆ ನೋಡಬೇಕು ಅಂತಿದೆ. ಇಲ್ಲಿ ಡಾಕ್ಟರು ತಿಂಗಳಿಗೆ ಬನ್ನಿ ಅಂದರೆ, ವಾರಕ್ಕೆ ಒಂದು ಫೋನ್ ಮಾಡಬಹುದಾ ಅಂತ ನಾವೇ ಕೇಳಬಹುದು. ರಾತ್ರಿ ಎರಡು ಗಂಟೆಗೆ ಯಾರೂ ಸಿಗದಿದ್ದರೆ 14416 ಇದೆ. 2022ರ ಅಕ್ಟೋಬರ್‌ನಿಂದ ಶುರುವಾದ ಟೆಲಿ ಮಾನಸ್, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡ್ತಾರೆ. ಸಾಯುವ ಯೋಚನೆ ಬಿಡದೆ ಬರ್ತಿದ್ದರೆ ಫೋನಿಗೂ ಕಾಯದೆ, ಒಬ್ಬರನ್ನು ಜೊತೆಗೆ ಕರ್ಕೊಂಡು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು.

ಡಾಕ್ಟರ ಮುಂದೆ ಕೂತಾಗ ಕನ್ನಡದವರಿಗೆ ಒಂದು ಅನುಕೂಲ ಇದೆ ಅಂತ ನನಗನ್ನಿಸುತ್ತೆ. ಇಂಗ್ಲಿಷಿನಲ್ಲಿ "ಐಯಾಮ್ ಫೀಲಿಂಗ್ ವರ್ಸ್" ಅಂದರೆ ಅವರು ಖಿನ್ನತೆ ಹೆಚ್ಚಾಗಿದೆ ಅಂತ ಬರ್ಕೊಂಡು ಡೋಸ್ ಏರಿಸಬಹುದು. ನಮ್ಮ ಹತ್ತಿರ ಬೇಜಾರು, ದುಃಖ, ಸಂಕಟ, ತಳಮಳ, ಚಡಪಡಿಕೆ, ಒದ್ದಾಟ ಎಲ್ಲಕ್ಕೂ ಬೇರೆ ಬೇರೆ ಪದ ಇದೆ. ಮಾತ್ರೆ ಯಾವ ತಾರೀಖು ಶುರುವಾಯಿತು, ಚಡಪಡಿಕೆ ಎಷ್ಟನೇ ದಿನ ಶುರುವಾಯಿತು, ಕೂರೋಕೆ ಆಗುತ್ತಾ, ಕಾಲಲ್ಲಿ ಇದೆಯಾ ತಲೆಯಲ್ಲಿ ಇದೆಯಾ, ಮುಂಚೆ ಯಾವತ್ತಾದರೂ ಹೀಗಾಗಿತ್ತಾ, ಇಷ್ಟನ್ನು ಒಂದು ಚೀಟಿಯಲ್ಲಿ ಬರ್ಕೊಂಡು ಹೋದರೆ ಸಾಕು. ನನ್ನ ಗೆಳೆಯ ಆ ಎರಡನೇ ಡಾಕ್ಟರಿಗೆ ಹೇಳಿದ್ದೂ ಪಂಪ್‌ಸೆಟ್ಟಿನ ಮೋಟರಿನ ಕಥೆಯನ್ನೇ. ಅವರು ನಗದೆ ಕೇಳಿಸಿಕೊಂಡು, ಫೈಲಿನಲ್ಲಿ ಹಾಶ್ಕೊವೆಟ್ಸ್‌ನ ಆ ಗ್ರೀಕ್ ಪದ ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದರು.